ಅಡಿಕೆ ಹರಡಿದ ಅಂಗಳ, ಏರಿನಲ್ಲಿ ನಿಂತ ಕಾರು

ಡಿಸೆಂಬರಿನ ಆ ಬೆಳಗಿನ ಜಾವ ಐದಕ್ಕೆ ಸರಿಯಾಗಿ ನಾವು ಮನೆ ಬಿಡಬೇಕಿತ್ತು. ಅಪ್ಪನ ಎಡಗಣ್ಣಿನ ಪೊರೆ ತೆಗೆಸಲು ಮಣಿಪಾಲದಲ್ಲಿ ದಿನ ಗೊತ್ತಾಗಿತ್ತು. ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಎಂಟರೊಳಗೆ ಅಲ್ಲಿರಬೇಕು. ಅಪ್ಪ ನಾಲ್ಕಕ್ಕೇ ಎದ್ದು, ಸ್ನಾನ ಮುಗಿಸಿ, ಮಫ್ಲರ್ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಅಂಗಳದ ಗೇಟಾದ ದಣಪೆಯ ಬಳಿಯ ಏರಿನಲ್ಲಿ ನಿಂತಿದ್ದ ಹಳೆಯ ಡೀಸೆಲ್ ಕಾರಿನ ಬಾಗಿಲು ತೆಗೆದು ಕೀಲಿ ತಿರುಗಿಸಿದೆ. ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರಿನ ದೀಪ ಹೊತ್ತಿ ಆರಿತು. ಸೆಲ್ಫ್ ಹೊಡೆಯಿತು. ಎಂಜಿನ್ ತಿರುಗಿತು, ತಿರುಗುತ್ತಲೇ ಇತ್ತು, ಸ್ಟಾರ್ಟ್ ಆಗಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಉಪ್ಪಿಟ್ಟು ಕೈಯಾಡಿಸುತ್ತಿದ್ದ ಸೌಟಿನ ಸದ್ದು ನಿಂತಿತು. ಅವಳು ಕಿವಿಗೊಟ್ಟಿದ್ದಳು. ಅಪ್ಪನೂ ಕಿವಿಗೊಟ್ಟಿದ್ದರು. ಹತ್ತು ಸೆಕೆಂಡು ತಿರುಗಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ಹತ್ತು ಸೆಕೆಂಡು. ಆರನೆಯ ಸಲಕ್ಕೆ ಸೆಲ್ಫಿನ ದನಿ ಕುಗ್ಗತೊಡಗಿತು. ಕೊನೆಗೆ ಪಕ್ಕದ ಮನೆಯವರನ್ನು ನಿದ್ದೆಯಿಂದ ಎಬ್ಬಿಸಿ ಅವರ ಕಾರಿನಲ್ಲಿ ಹೊರಟೆವು. ಘಾಟಿಯ ತಿರುವುಗಳನ್ನು ಇಳಿಯುವಾಗಲೆಲ್ಲ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಇವತ್ತು ಕಣ್ಣು, ಅದೂ ಮೊದಲೇ ಗೊತ್ತಾದ ದಿನ. ನಡುರಾತ್ರಿ ಎದೆನೋವು ಬಂದಿದ್ದರೆ?

ನಮ್ಮ ಕಡೆ ಮನೆಗಳು ಒಂದಕ್ಕೊಂದು ದೂರ. ಮಳೆಗಾಲದ ರಾತ್ರಿ ಯಾರ ಮನೆಯ ಗಾಡಿ ಸ್ಟಾರ್ಟ್ ಆಗುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಹಾಗಾಗಿ ಹಳೆಯ ಕಾರು ಬೆಳಿಗ್ಗೆ ಹಟ ಮಾಡಿದರೆ ಅದನ್ನು ನಕ್ಕು ಬಿಡುವ ಸಂಗತಿ ಎಂದು ನಾನು ಯಾವತ್ತೂ ಎಣಿಸಿಲ್ಲ.

ಕಾರು 1998ರ ಮಾದರಿ. ನಾಲ್ಕು ಸಿಲಿಂಡರು, ಟರ್ಬೊ ಇಲ್ಲ, ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ. ಅಪ್ಪ ಎರಡು ವರ್ಷದ ಅಡಿಕೆ ದುಡ್ಡು ಸೇರಿಸಿ ಕೊಂಡದ್ದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುತ್ತ ಬಂದಿದ್ದೇವೆ. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದಾಗ ಮಾರಿಬಿಡಿ ಎಂದವರೇ ಹೆಚ್ಚು. ಅಪ್ಪ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಒಳಗೆ ಏನು ನಡೆಯುತ್ತಿದೆ ಎಂದು ನಾವೇ ನೋಡಬಹುದಾದ ಯಂತ್ರ ಇದು. ಅಂಥದ್ದು ಇನ್ನು ಮುಂದೆ ಸಿಗುವುದಿಲ್ಲ.

ಈ ತೊಂದರೆ ಹೊಸದೇನೂ ಆಗಿರಲಿಲ್ಲ. ಮೂರು ವರ್ಷಗಳಿಂದ ಪ್ರತಿ ಚಳಿಗಾಲದಲ್ಲೂ ಇತ್ತು, ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿತ್ತು. ಮೊದಲ ವರ್ಷ ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಎಂದರು. 6,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆವು. ಎರಡನೆಯ ವರ್ಷ ಇನ್ನೊಂದು ಗ್ಯಾರೇಜಿನಲ್ಲಿ ಚಳಿಗೆ ಹೀಟರ್ ಪ್ಲಗ್ಗೇ ಕಾರಣ ಎಂದರು; ನಾಲ್ಕನ್ನೂ ಬದಲಾಯಿಸಿದೆವು. ಎರಡು ಸಲವೂ ಕಾರು ಗ್ಯಾರೇಜಿನ ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ನಾವು ಸಂತೋಷದಿಂದ ಮನೆಗೆ ತಂದೆವು. ಮೂರನೆಯ ವರ್ಷ ಡೀಸೆಲ್ ಪಂಪನ್ನೇ ಬಿಚ್ಚಬೇಕು ಎಂಬ ಮಾತು ಬಂತು. ಅದಕ್ಕೆ ಹೇಳಿದ ಮೊತ್ತ ಕೇಳಿ, ಮೊದಲು ನಾನೇ ಕುಳಿತು ನೋಡುತ್ತೇನೆ ಎಂದು ನಿರ್ಧರಿಸಿದೆ. ನಾನು ಪಾಠ ಮಾಡುವ ಶಾಲೆಗೆ ಕ್ರಿಸ್‌ಮಸ್ ರಜೆ ಬೇರೆ ಇತ್ತು.

ನೋಡುವ ಮುನ್ನ ಏನನ್ನು ನೋಡಬೇಕು ಎಂಬುದು ಗೊತ್ತಿರಬೇಕಲ್ಲ. ನನಗೆ ಅದನ್ನು ಕಲಿಸಿದ್ದು ಹೊಳೆಯ ಬದಿಯ ಪಂಪ್‌ಸೆಟ್. ನಾನು ಹೈಸ್ಕೂಲಿನಲ್ಲಿದ್ದಾಗ ತೋಟಕ್ಕೆ ನೀರು ಹತ್ತಿಸುತ್ತಿದ್ದುದು ಡೀಸೆಲ್ ಎಂಜಿನ್ನು. ಅದಕ್ಕೆ ಬ್ಯಾಟರಿಯೂ ಇಲ್ಲ, ಸೆಲ್ಫೂ ಇಲ್ಲ. ಎಂಜಿನ್ನಿನ ತಲೆಯ ಮೇಲಿನ ಸಣ್ಣ ಲಿವರನ್ನು ಎತ್ತಿ ಹಿಡಿದರೆ ವಾಲ್ವ್ ತೆರೆದೇ ಇರುತ್ತಿತ್ತು, ಒಳಗಿನ ಗಾಳಿ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಆಗ ಅಪ್ಪ ಹ್ಯಾಂಡ್ಲು ಹಾಕಿ ತಿರುಗಿಸುತ್ತಿದ್ದರು. ಭಾರದ ಚಕ್ರ ನಿಧಾನವಾಗಿ ವೇಗ ಹಿಡಿಯುತ್ತಿತ್ತು. ಸಾಕಷ್ಟು ವೇಗ ಬಂದಿದೆ ಎಂದು ಕೈಗೆ ತಿಳಿದ ಕ್ಷಣ ಲಿವರ್ ಬೀಳಿಸುತ್ತಿದ್ದರು. ಗಾಳಿ ಒಳಗೇ ಸಿಕ್ಕಿಬೀಳುತ್ತಿತ್ತು, ಚಕ್ರದ ಬಲಕ್ಕೆ ಅದುಮಿಕೊಳ್ಳುತ್ತಿತ್ತು, 'ಧಡ್' ಎಂದು ಒಂದು ಏಟು. ಅನಂತರ ಎರಡು, ಮೂರು, ಆಮೇಲೆ ಇಡೀ ಕಣಿವೆಗೆ ಕೇಳುವ ಸದ್ದು. ಲಿವರ್ ತುಸು ಮುಂಚೆ ಬಿದ್ದರೆ ಚಕ್ರ ತಡೆದು ನಿಂತುಬಿಡುತ್ತಿತ್ತು. ಎಂಜಿನ್ನಿಗೆ ಬೇಕಾದದ್ದು ಇಷ್ಟೇ ಎಂದು ಅಪ್ಪ ಹೇಳುತ್ತಿದ್ದರು: "ಗಾಳಿ ಬಿಸಿಯಾಗಬೇಕು, ಅದೇ ಹೊತ್ತಿಗೆ ಎಣ್ಣೆ ಬೀಳಬೇಕು."

ಡೀಸೆಲ್ ಎಂಜಿನ್ನಿನ ಇಡೀ ಶಾಸ್ತ್ರ ಈ ಒಂದು ವಾಕ್ಯದಲ್ಲಿದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತೇವೆ. ನಮ್ಮ ಕಾರಿನಂಥ ಎಂಜಿನ್ನಿನಲ್ಲಿ ಗಾಳಿ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗಕ್ಕೆ ಅದುಮಿಕೊಳ್ಳುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಆ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಗೆ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1893ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಮೊದಲ ಪ್ರಯೋಗ ನಡೆಸಿ, ನಿಜಕ್ಕೂ ಕೆಲಸಕ್ಕೆ ಬರುವ ಎಂಜಿನ್ ನಿಲ್ಲಿಸಲು 1897ರವರೆಗೆ ಹೆಣಗಿದ. ಕಲ್ಪನೆ ಸರಳ, ಸರಿಯಾದ ಹೊತ್ತಿಗೆ ಎಣ್ಣೆ ಬೀಳಿಸುವುದು ಕಷ್ಟ. ಆ ಕಷ್ಟವನ್ನು ಕೈಯಳತೆಗೆ ತಂದದ್ದು ಬಾಷ್ ಕಂಪನಿ 1927ರಿಂದ ಸಾಲುಸಾಲಾಗಿ ತಯಾರಿಸತೊಡಗಿದ ಇಂಧನ ಪಂಪು. ನಮ್ಮ ನಾಡಿಗೆ ಅದು ಬೇಗನೆ ಬಂತು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಎಲ್ಲರೂ ಮೈಕೋ ಎಂದರು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಇತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತಾದರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ನಮ್ಮ ಕಾರಿನ ಪಂಪಿನ ಮೇಲೂ ಆ ಹೆಸರೇ ಅಚ್ಚಾಗಿದೆ. ಬಾನೆಟ್ ತೆಗೆದು ಆ ಅಕ್ಷರಗಳ ಮೇಲಿನ ಎಣ್ಣೆಮಣ್ಣು ಒರೆಸಿದಾಗಲೆಲ್ಲ, ನಮ್ಮದೇ ನಾಡಿನ ಕೈಗಳು ಮಾಡಿದ ವಸ್ತು ಇದು ಎಂಬ ಅಭಿಮಾನ ನನಗಿದೆ.

ಅಂದರೆ ಸ್ಟಾರ್ಟ್ ಆಗದಿದ್ದರೆ ಕಾರಣ ಎರಡೇ ಕಡೆ ಇರಬೇಕು. ಒಂದೋ ಗಾಳಿ ಬಿಸಿಯಾಗುತ್ತಿಲ್ಲ, ಇಲ್ಲವೇ ಎಣ್ಣೆ ಬೀಳುತ್ತಿಲ್ಲ. ಇವೆರಡರಲ್ಲಿ ಯಾವುದು ಎಂದು ಕೇಳದೆ ಬ್ಯಾಟರಿ ಕೊಂಡೆವು, ಪ್ಲಗ್ ಕೊಂಡೆವು. ಬದಲಾಯಿಸುವುದು ಬೇರೆ, ಪತ್ತೆ ಮಾಡುವುದು ಬೇರೆ.

ಗಾಳಿ ಬಿಸಿಯಾಗಬೇಕಾದರೆ ಎಂಜಿನ್ ಬೇಗ ತಿರುಗಬೇಕು. ನಿಧಾನವಾಗಿ ತಿರುಗಿದರೆ ಅದುಮಿಕೊಂಡ ಗಾಳಿ ಪಿಸ್ಟನ್ ರಿಂಗುಗಳ ಸಂದಿನಿಂದ ಸೋರಿಕೊಳ್ಳಲು, ತನ್ನ ಬಿಸಿಯನ್ನು ತಣ್ಣನೆಯ ಕಬ್ಬಿಣಕ್ಕೆ ಬಿಟ್ಟುಕೊಡಲು ಸಮಯ ಸಿಗುತ್ತದೆ. ಹಾಗಾಗಿ ಮೊದಲು ಸೆಲ್ಫನ್ನೇ ಪರೀಕ್ಷಿಸಿದೆ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಆದರೂ ತಿರುಗುವ ದನಿಯಲ್ಲಿ ತೂಕಡಿಕೆ ಇತ್ತು. ಆಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೂ ಒತ್ತಿ ಹಿಡಿದು, ಅಪ್ಪನಿಗೆ ಕೀಲಿ ತಿರುಗಿಸಲು ಹೇಳಿದೆ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು, ಅರ್ಧ ವೋಲ್ಟ್ ದಾಟಿದರೆ ಏನೋ ತೊಂದರೆ ಇದೆ ಎಂದರ್ಥ. ಬಂದದ್ದು 1.1. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಅಷ್ಟು ಪಾಲು ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಬ್ಯಾಟರಿಯ ಮೈನಸ್ಸಿನಿಂದ ಬರುವ ಅರ್ತ್ ಕೇಬಲ್ ಎಂಜಿನ್ನಿಗೆ ಕೂರುವ ಬೋಲ್ಟನ್ನು ಬಿಚ್ಚಿದೆ. ಹೊರಗಿನಿಂದ ಗಟ್ಟಿಯಾಗಿಯೇ ಇತ್ತು. ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ನಮ್ಮ ಮಳೆನಾಡಿನ ಥಂಡಿ ದೇವರ ಕೋಣೆಯ ತಾಮ್ರದ ತಂಬಿಗೆಗೆ ಹಿಡಿಸುವ ಅದೇ ಕಿಲುಬು. ಹೊಸ ಕೇಬಲ್ ಹಾಕಿ, ಅದು ಕೂರುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದೆ. ಸೆಲ್ಫಿನ ದನಿಯೇ ಬದಲಾಯಿತು. ಮೂರು ವರ್ಷದ ಹಿಂದೆ ಆ ಬ್ಯಾಟರಿ ಬದಲಾಯಿಸುವ ಅಗತ್ಯವೇ ಇರಲಿಲ್ಲವೇನೋ ಎಂದು ಮನಸ್ಸು ಚುರುಕ್ ಎಂದಿತು.

ಹೀಟರ್ ಪ್ಲಗ್ಗುಗಳನ್ನೂ ನೋಡಿದೆ. ಲಾರಿಗಳಿಗೆ ಇಲ್ಲದ ಹೀಟರ್ ಹಳೆಯ ಡೀಸೆಲ್ ಕಾರುಗಳಿಗೆ ಏಕೆ ಬೇಕು ಎಂದು ಬಹಳ ಜನ ಕೇಳುತ್ತಾರೆ. ಸಣ್ಣ ಪಾತ್ರೆಯ ಹಾಲು ದೊಡ್ಡ ಹಂಡೆಯ ನೀರಿಗಿಂತ ಬೇಗ ಆರುವಂತೆ ಸಣ್ಣ ಸಿಲಿಂಡರಿನ ಗಾಳಿ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಅದರ ಮೇಲೆ ಹಳೆಯ ಕಾರು ಎಂಜಿನ್ನುಗಳಲ್ಲಿ ಡೀಸೆಲ್ ಮೊದಲು ಬೀಳುವುದು ಪಕ್ಕದ ಒಂದು ಪುಟ್ಟ ಕೋಣೆಗೆ. ಅಲ್ಲಿ ಸುತ್ತಲೂ ಗೋಡೆಯೇ. ಆ ಕೋಣೆಯೊಳಗೆ ಚಾಚಿಕೊಂಡಿರುವ ಹೀಟರಿನ ತುದಿ ಕೆಂಡವಾದರೆ ಕೊರತೆ ತುಂಬುತ್ತದೆ. ಪರೀಕ್ಷೆ ಸುಲಭ. ನಾಲ್ಕನ್ನೂ ಸೇರಿಸುವ ಪಟ್ಟಿಯನ್ನು ತೆಗೆದು, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಹಾಕಿ, ಮೊನೆಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಬೇಕು. ದೀಪ ಹೊತ್ತಿದರೆ ಅದರ ತಂತಿ ತುಂಡಾಗಿಲ್ಲ. ನಾಲ್ಕೂ ಹೊತ್ತಿದವು. ಕೀಲಿ ತಿರುಗಿಸಿದಾಗ ಪಟ್ಟಿಗೆ ವೋಲ್ಟೇಜೂ ಬರುತ್ತಿತ್ತು. ಅಲ್ಲಿಗೆ ಹೀಟರಿನ ಮೇಲಿನ ಅನುಮಾನ ತೀರಿತು. ಒಂದು ಎಚ್ಚರಿಕೆ: ಹಳೆಯ ಪ್ಲಗ್ಗುಗಳನ್ನು ಬಿಚ್ಚಲೇಬೇಕಾದರೆ ಎಂಜಿನ್ ಬೆಚ್ಚಗಿರುವಾಗ, ಹಿಂದಿನ ದಿನವೇ ಬುಡಕ್ಕೆ ಎಣ್ಣೆ ಬಿಟ್ಟು, ತಾಳ್ಮೆಯಿಂದ ಬಿಚ್ಚಬೇಕು. ಒಳಗೇ ಮುರಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸುವ ಕೆಲಸ ಬೀಳುತ್ತದೆ.

ಮರುದಿನ ಬೆಳಿಗ್ಗೆ ಸೆಲ್ಫ್ ಚುರುಕಾಗಿ ತಿರುಗಿತು. ಎಂಜಿನ್ ಮಾತ್ರ ಮೊದಲಿನಂತೆಯೇ ಸತಾಯಿಸಿತು.

ಆಗ ಅಪ್ಪನನ್ನು ಕೀಲಿಯ ಬಳಿ ಕೂರಿಸಿ ನಾನು ಟಾರ್ಚ್ ಹಿಡಿದು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಇನ್ನೂ ಕತ್ತಲೆ. ಸೈಲೆನ್ಸರಿನ ಬಾಯಿಗೆ ಬೆಳಕು ಬಿಟ್ಟು ನೋಡಿದೆ. ಸೆಲ್ಫ್ ತಿರುಗುತ್ತಿತ್ತು, ಕೊಳವೆಯಿಂದ ಪುಸ್ ಪುಸ್ ಎಂದು ಗಾಳಿ ಬರುತ್ತಿತ್ತು, ಬೆಳಕಿನ ಕೋಲಿನಲ್ಲಿ ಇಬ್ಬನಿಯ ಹನಿಗಳು ತೇಲುತ್ತಿದ್ದವು. ಹೊಗೆ ಇರಲಿಲ್ಲ. ಒಂದು ಎಳೆಯೂ ಇರಲಿಲ್ಲ.

ಮೂರು ವರ್ಷಗಳಿಂದ ಆ ಕಾರು ಹೇಳುತ್ತಿದ್ದ ಮಾತು ಅದೇ. ಡೀಸೆಲ್ ಬೀಳುತ್ತಿದ್ದು ಹೊತ್ತಿಕೊಳ್ಳದಿದ್ದರೆ ಸುಡದ ಎಣ್ಣೆ ಬಿಳಿ ಹೊಗೆಯಾಗಿ ಹೊರಬರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಹೀಟರ್ ಕೆಟ್ಟಿದ್ದರೆ, ಕಂಪ್ರೆಷನ್, ಅಂದರೆ ಗಾಳಿ ಅದುಮಿಕೊಳ್ಳುವ ಒತ್ತಡ, ಕಡಿಮೆಯಾಗಿದ್ದರೆ ಕಾಣಬೇಕಾದದ್ದು ಆ ಬಿಳಿ ಹೊಗೆ. ಹೊಗೆಯೇ ಇಲ್ಲವೆಂದರೆ ಎಣ್ಣೆಯೇ ತಲುಪುತ್ತಿಲ್ಲ. ಚಳಿ ಎಂಬ ಮಾತನ್ನು ನಾವೆಲ್ಲರೂ ಎಷ್ಟು ಗಟ್ಟಿಯಾಗಿ ನಂಬಿದ್ದೆವೆಂದರೆ, ಹಿಂದೆ ಹೋಗಿ ನೋಡಬೇಕೆಂದು ಯಾರಿಗೂ ತೋಚಿರಲಿಲ್ಲ. ಹಾಗೆ ನೋಡಿದರೆ ನಮ್ಮ ಚಳಿ ಎಷ್ಟು? ಹತ್ತು ಹನ್ನೆರಡು ಡಿಗ್ರಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಲಡಾಖಿನ ಮಾತು ಬೇರೆ. ಅಲ್ಲಿಗೆಂದೇ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಬಂತು.

ಎಣ್ಣೆ ಏಕೆ ತಲುಪುತ್ತಿಲ್ಲ, ಅದೂ ಚಳಿಗಾಲದಲ್ಲಿ ಮಾತ್ರ? ಈ ಗಂಟು ಬಿಡಿಸಿದ್ದು ಅಮ್ಮ. ಜನವರಿಯಲ್ಲಿ ಒಂದು ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನೆಲ್ಲ ಬಳಿದು ಚೀಲಕ್ಕೆ ತುಂಬಿ ಜಾಗ ಬಿಡಿಸಿದ್ದೆವು. ಆ ರಾತ್ರಿ ಕಾರು ಶೆಡ್ಡಿನಲ್ಲಿ ಮಲಗಿತು. ಮರುದಿನ ಹಲ್ಲು ಕಟಕಟಿಸುವ ಚಳಿ, ಆ ವರ್ಷದಲ್ಲೇ ಹೆಚ್ಚಿನದು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಾನು ಕಾಫಿ ಕುಡಿಯಲು ಒಳಗೆ ಬಂದಾಗ ಅಮ್ಮ ಹೇಳಿದಳು: "ಚಳಿಗಲ್ಲ ಕಣೋ. ಅಡಿಕೆ ಅಂಗಳದಲ್ಲಿದ್ದರೆ ಮಾತ್ರ ಅದರ ಹಟ. ಹೋದ ವರ್ಷವೂ ಹಾಗೆಯೇ, ಅಡಿಕೆ ಕೆಲಸ ಮುಗಿದ ಮೇಲೆ ಒಂದು ದಿನವೂ ಸತಾಯಿಸಲಿಲ್ಲ."

ಅಮ್ಮನಿಗೆ ಕಾರು ಓಡಿಸಲು ಬಾರದು. ಆದರೆ ಇಪ್ಪತ್ತೈದು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅದು ಸ್ಟಾರ್ಟ್ ಆಗುವ ಸದ್ದನ್ನು ಕೇಳಿದವಳು ಅವಳೊಬ್ಬಳೇ. ಕೊಯ್ಲಿನ ಕಾಲದಲ್ಲಿ ಅಂಗಳವೆಲ್ಲ ಅಡಿಕೆಯಾಗಿ, ಶೆಡ್ಡಿಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಆ ಮೂರು ತಿಂಗಳು ಕಾರು ದಣಪೆಯ ಬಳಿಯ ಏರಿನಲ್ಲಿ, ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಉಳಿದ ಒಂಬತ್ತು ತಿಂಗಳು ಶೆಡ್ಡಿನಲ್ಲಿ. ತೊಳೆದ ನೀರು ಹರಿದುಹೋಗಲೆಂದು ಅದರ ನೆಲ ಮುಂದಕ್ಕೆ ತುಸು ವಾಲಿಕೊಂಡಿದೆ. ಚಳಿಗಾಲವೂ ಅಡಿಕೆ ಕಾಲವೂ ಒಂದೇ ಆಗಿದ್ದರಿಂದ ನಾವು ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಿದ್ದೆವು.

ಜಗಲಿಯಲ್ಲಿದ್ದ ಅಪ್ಪ ಪೇಪರ್ ಕೆಳಗಿಟ್ಟು ಒಂದೇ ಮಾತು ಹೇಳಿದರು: "ಫುಟ್ ವಾಲ್ವ್ ಹೋದ ಹಾಗಾಯಿತಲ್ಲ!"

ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್ ವಾಲ್ವ್ ಸರಿಯಿದ್ದರೆ ಪಂಪ್ ನಿಂತ ಮೇಲೂ ಪೈಪಿನಲ್ಲಿ ನೀರು ನಿಂತಿರುತ್ತದೆ. ಅದು ಸೋರಿದರೆ, ಅಥವಾ ಪೈಪಿನಲ್ಲಿ ಎಲ್ಲಾದರೂ ಗಾಳಿ ಎಳೆದರೆ, ರಾತ್ರಿಯಿಡೀ ನೀರು ಹೊಳೆಗೇ ಇಳಿದುಹೋಗಿ ಬೆಳಿಗ್ಗೆ ಕೊಡಪಾನದಲ್ಲಿ ನೀರು ಹೊಯ್ದು ಪಂಪ್ ತುಂಬಿಸಬೇಕಾಗುತ್ತದೆ. ನಮ್ಮ ಕಾರಿನ ಟ್ಯಾಂಕ್ ಹಿಂದೆ, ತಳದಲ್ಲಿದೆ. ಫಿಲ್ಟರ್ ಮತ್ತು ಪಂಪು ಮುಂದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಪಂಪು ದಡದ ಮೇಲಾಯಿತು, ಟ್ಯಾಂಕು ಹೊಳೆಯಾಯಿತು. ಪೈಪು ಬಿಗಿಯಾಗಿದ್ದರೆ ಡೀಸೆಲ್ ಕೆಳಗಿಳಿಯಲಾರದು. ಸ್ಟ್ರಾ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಪಾನಕ ಒಳಗೇ ನಿಲ್ಲುವಂತೆ. ಮೇಲೆಲ್ಲೋ ಒಂದು ಸೂಜಿ ಮೊನೆಯಷ್ಟು ಬಿರುಕು ಇದ್ದರೂ ಸಾಕು, ಗಾಳಿ ಒಳನುಗ್ಗಿ ರಾತ್ರಿಯಿಡೀ ಡೀಸೆಲ್ ಹಿಂದಕ್ಕೆ ಇಳಿಯುತ್ತದೆ.

ಅನುಮಾನ ಸರಿಯೇ ಎಂದು ತಿಳಿಯಲು ಒಂದು ರಾತ್ರಿ ಸಾಕಾಯಿತು. ಕಾರನ್ನು ಏರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಕೀಲಿ ಮುಟ್ಟುವ ಮೊದಲು ಬಾನೆಟ್ ತೆಗೆದು ಫಿಲ್ಟರಿನ ತಲೆಯ ಮೇಲಿನ ಕೈಪಂಪನ್ನು ಒತ್ತಿದೆ. ಬೆರಳಿಗೆ ಏನೂ ತಡೆ ಸಿಗಲಿಲ್ಲ, ಖಾಲಿ ಚೆಂಡನ್ನು ಒತ್ತಿದ ಹಾಗೆ. ಒಳಗೆ ಗುಳುಗುಳು ಸದ್ದು. ಎಂಟು, ಹತ್ತು, ಹದಿನಾಲ್ಕು. ಹದಿನೈದನೆಯದಕ್ಕೆ ಹೆಬ್ಬೆರಳಿನ ಕೆಳಗೆ ಅದು ತುಸು ಬಿಗಿಯಾಯಿತು. ಇಪ್ಪತ್ತಕ್ಕೆ ಕಲ್ಲಿನಂತೆ ನಿಂತಿತು. ಆಮೇಲೆ ಹೀಟರ್ ಹಾಕಿ ಕೀಲಿ ತಿರುಗಿಸಿದರೆ, ಕಾರು ಎರಡನೆಯ ಸುತ್ತಿಗೇ ಸ್ಟಾರ್ಟ್. ಅಪ್ಪ ಜಗಲಿಯಿಂದಲೇ ಕೈ ಎತ್ತಿದರು.

ಇನ್ನು ಬಿರುಕು ಎಲ್ಲಿದೆ? ಮೆಕ್ಯಾನಿಕ್‌ಗಳು ಇದನ್ನು ಏರ್ ಹಿಡಿಯುವುದು ಎನ್ನುತ್ತಾರೆ. ಏರ್ ತೆಗೆಯಲು ಎಲ್ಲರಿಗೂ ಬರುತ್ತದೆ, ಅದು ಎಲ್ಲಿಂದ ಬರುತ್ತದೆ ಎಂದು ಹುಡುಕುವವರು ಕಡಿಮೆ. ತೀರ್ಥಹಳ್ಳಿಯಲ್ಲಿ ಡೀಸೆಲ್ ಪಂಪ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಪಂಪು ಬಿಚ್ಚುವ ಮಾತೇ ಆಡಲಿಲ್ಲ. "ಮೇಷ್ಟ್ರೇ, ಒಂದು ಅಡಿ ಪಾರದರ್ಶಕ ಪೈಪ್ ತೆಗೆದುಕೊಂಡು ಹೋಗಿ, ಫಿಲ್ಟರಿಗೂ ಪಂಪಿಗೂ ನಡುವೆ ಹಾಕಿ. ಕಣ್ಣಿಗೆ ಕಾಣುತ್ತದೆ. ಪಂಪ್ ಬಿಚ್ಚುವುದು ಕೊನೆಯ ಕೆಲಸ" ಎಂದರು. ಕೆಲಸ ಕಳೆದುಕೊಳ್ಳುವ ಸಲಹೆಯನ್ನು ಅಷ್ಟು ಸಹಜವಾಗಿ ಕೊಟ್ಟ ಆ ಮನುಷ್ಯನಿಗೆ ನಾನು ಋಣಿ.

ಪೈಪ್ ಹಾಕಿ ಎಂಜಿನ್ ಓಡಿಸಿದೆ. ಜೇನಿನ ಬಣ್ಣದ ಡೀಸೆಲ್ ಹರಿಯುತ್ತಿತ್ತು, ಅದರಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಅದೇ ಪೈಪನ್ನು ಫಿಲ್ಟರಿಗೆ ಬರುವ ರಬ್ಬರ್ ಹೋಸಿಗೂ ಹಿಂದಕ್ಕೆ ಸರಿಸಿದೆ, ಗುಳ್ಳೆ ಇಲ್ಲ. ಅಂದರೆ ಟ್ಯಾಂಕಿನಿಂದ ಅಲ್ಲಿಯವರೆಗೆ ದಾರಿ ಶುದ್ಧ. ತೊಂದರೆ ಇದ್ದದ್ದು ಫಿಲ್ಟರಿಗೆ ಡೀಸೆಲ್ ಒಳಬರುವ ತುದಿಯ ಗೇಣುದ್ದದ ರಬ್ಬರ್ ಹೋಸಿನಲ್ಲಿ. ಹೊರಗಿನಿಂದ ಪೂರ್ತಿ ಒಣಗಿತ್ತು. ಅದೇ ನಮ್ಮನ್ನು ಮೋಸಗೊಳಿಸಿದ್ದು: ಸೋರಿದರೆ ಒದ್ದೆ ಇರಬೇಕಲ್ಲ ಎಂದು ಎಲ್ಲರೂ ಯೋಚಿಸುತ್ತೇವೆ. ಆದರೆ ಈ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೋಸನ್ನು ಬಿಚ್ಚಿ ಬೆರಳಿಗೆ ಸುತ್ತಿ ಬಗ್ಗಿಸಿದಾಗ ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು.

ಇಪ್ಪತ್ತೈದು ವರ್ಷ ಎಂಜಿನ್ನಿನ ಬಿಸಿಯಲ್ಲಿದ್ದ ರಬ್ಬರು ಬಿರಿಯುವುದು ಸಹಜ. ಜೊತೆಗೆ ಇಂಧನವೂ ಬದಲಾಗಿದೆ. 2020ರ ಏಪ್ರಿಲ್‌ನಿಂದ ದೇಶವಿಡೀ ಹೊಗೆ ಮಾಲಿನ್ಯದ ಹೊಸ ಮಾನದಂಡದ ಬಿಎಸ್-6 ಡೀಸೆಲ್. ಗಂಧಕದ ಪ್ರಮಾಣ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗಾಳಿಗೆ ಒಳ್ಳೆಯದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹಳೆಯ ಡೀಸೆಲಿನಲ್ಲಿದ್ದ ಆರೊಮ್ಯಾಟಿಕ್ ಎಂಬ ರಾಸಾಯನಿಕ ಅಂಶಗಳನ್ನು ಹೀರಿ ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರಿನ ಸೀಲುಗಳು, ಆ ಅಂಶ ಕಡಿಮೆಯಾದ ಇಂಧನದಲ್ಲಿ ಕುಗ್ಗುವುದುಂಟು. ಹಾಗಾಗಿ ಹಳೆಯ ಡೀಸೆಲ್ ಕಾರು ಇರುವವರು ಎಲ್ಲ ರಬ್ಬರ್ ಪೈಪುಗಳನ್ನೂ, ನಾಜಲ್‌ಗಳಿಂದ ವಾಪಸ್ ಬರುವ ಸಣ್ಣ ದಾರದ ಹೊದಿಕೆಯ ಹೋಸುಗಳನ್ನೂ, ಬೋಲ್ಟುಗಳ ಕೆಳಗಿನ ಕಾಪರ್ ವಾಷರುಗಳನ್ನೂ ಒಮ್ಮೆ ಬದಲಾಯಿಸಿಬಿಡುವುದು ಒಳ್ಳೆಯದು. ಅಂಗಡಿಯಲ್ಲಿ ಡೀಸೆಲ್ ಹೋಸ್ ಎಂದೇ ಕೇಳಿ ತರಬೇಕು. ನೀರಿನ ಪೈಪು ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ. ಅದೇ ಕಾರಣಕ್ಕೆ ಪರೀಕ್ಷೆಗೆ ಹಾಕಿದ ಪಾರದರ್ಶಕ ಪೈಪನ್ನೂ ತೆಗೆದೆ. ನನಗೆ ತಗುಲಿದ ಖರ್ಚು, ಹೋಸಿಗೂ ಎರಡು ಕ್ಲಿಪ್ಪಿಗೂ ಸೇರಿ, 140 ರೂಪಾಯಿ.

ಸ್ಟಾರ್ಟ್ ಆಗದ ಕೋಪದಲ್ಲಿ ಜನ ಮಾಡುವ ಎರಡು ಕೆಲಸ ನೆನೆದರೆ ನನಗೆ ಭಯವಾಗುತ್ತದೆ. ಒಂದು, ಗಾಳಿಯ ದಾರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಅದರಲ್ಲಿರುವುದು ಈಥರ್. ಕೆಂಡವಾಗಿರುವ ಹೀಟರಿಗೆ ಅದು ತಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟಿಸಿ ಪಿಸ್ಟನ್ನೇ ಒಡೆಯಬಹುದು. ಹಿಂದೆ ಲಾರಿಯವರು ಎಣ್ಣೆಬಟ್ಟೆಗೆ ಬೆಂಕಿ ಹಚ್ಚಿ ಗಾಳಿಯ ಬಾಯಿಗೆ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ, ಅದೂ ಬೇಡ. ಎರಡನೆಯದು ಇನ್ನೂ ಕೆಟ್ಟದ್ದು: ನಾಜಲ್ ಪೈಪ್ ಸಡಿಲಿಸಿ, ಎಣ್ಣೆ ಬರುತ್ತಿದೆಯೇ ಎಂದು ಬೆರಳು ಹಿಡಿದು ನೋಡುವುದು. ನಾಜಲ್ ಚಿಮ್ಮುವ ಒತ್ತಡ ನೂರು ಬಾರ್‌ಗಿಂತ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟಿಗಿಂತ, ಹೆಚ್ಚು. ಆ ಧಾರೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಎಲ್ಲರ ಕಾರಿನ ಕಾಯಿಲೆಯೂ ಗೇಣುದ್ದದ ಹೋಸಿನಲ್ಲಿ ಮುಗಿಯುವುದಿಲ್ಲ. ಸೆಲ್ಫ್ ಚುರುಕಾಗಿದ್ದು, ಹೀಟರ್ ಸರಿಯಿದ್ದು, ಬಿಳಿ ಹೊಗೆ ದಂಡಿಯಾಗಿ ಬಂದರೂ ಸ್ಟಾರ್ಟ್ ಆಗದಿದ್ದರೆ ವಾಲ್ವ್‌ಗಳ ಟ್ಯಾಪೆಟ್ ಅಂತರ ನೋಡಿಸಬೇಕು, ಆಮೇಲೆ ಕಂಪ್ರೆಷನ್ ಅಳೆಸಬೇಕು. ಇಂಥ ಎಂಜಿನ್ನು ಹೊಸದರಲ್ಲಿ ಸುಮಾರು 30 ಬಾರ್ ಕೊಡುತ್ತದೆ. 20ರ ಆಸುಪಾಸಿಗೆ ಇಳಿದಿದ್ದರೆ ಅದಕ್ಕೆ ವಯಸ್ಸಾಗಿದೆ. ನಮ್ಮದನ್ನೂ ಅಳೆಸಿದೆ. ನಾಲ್ಕೂ ಸಿಲಿಂಡರಿನಲ್ಲಿ 26, 27. ಅಪ್ಪನ ರಕ್ತದೊತ್ತಡ ಸರಿಯಿದೆ ಎಂದು ಡಾಕ್ಟರು ಹೇಳಿದಾಗ ಆದಷ್ಟೇ ನೆಮ್ಮದಿಯಾಯಿತು.

ಫೆಬ್ರುವರಿಯಲ್ಲಿ ಬಲಗಣ್ಣಿನ ಸರದಿ. ಮತ್ತೆ ಮಣಿಪಾಲ, ಮತ್ತೆ ಬೆಳಗಿನ ಜಾವ ಐದು. ಕೊನೆಯ ಕೊಯ್ಲಿನ ಅಡಿಕೆ ಇನ್ನೂ ಅಂಗಳದಲ್ಲಿತ್ತು. ಪಕ್ಕದ ಮನೆಯವರು ಹಿಂದಿನ ಸಂಜೆಯೇ ಬಂದು, ಬೇಕಾದರೆ ಎಬ್ಬಿಸಿ, ಸಂಕೋಚ ಬೇಡ ಎಂದು ಹೇಳಿ ಹೋಗಿದ್ದರು. ನಾನು ಕಾರನ್ನು ದಣಪೆಯ ಬಳಿ, ಅದೇ ಏರಿನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿದ್ದೆ.

ಅಪ್ಪ ಈ ಸಲ ಜಗಲಿಯಲ್ಲಿ ಕೂರಲಿಲ್ಲ. ಮಫ್ಲರ್ ಸುತ್ತಿಕೊಂಡು, ಟಾರ್ಚ್ ತೆಗೆದುಕೊಂಡು ಕಾರಿನ ಹಿಂದೆ ಹೋಗಿ ನಿಂತರು. ಹೀಟರ್ ದೀಪ ಆರುವವರೆಗೆ ಕಾದು ಕೀಲಿ ತಿರುಗಿಸಿದೆ. ಸೆಲ್ಫ್ ಪೂರ್ತಿ ಒಂದು ಸುತ್ತು ಹೊಡೆಯಿತೋ ಇಲ್ಲವೋ, ಎಂಜಿನ್ ಗುಡುಗಿ ಕಾರು ನಡುಗಿತು. ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಲ್ಲದೆ ನಡೆದೇ ಇತ್ತು. ಹಿಂದಿನಿಂದ ಅಪ್ಪನ ದನಿ ಕೇಳಿತು: "ಒಂದು ಗುಕ್ಕು ಬಿಳಿ ಬಂತು. ಈಗ ಇಲ್ಲ." ಟಾರ್ಚ್ ಆರಿಸಿ ಬಂದು ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡರು.